ಹುತ್ರಿದುರ್ಗದ ಕತ್ತಲಿಗೆ ಮೂರು ಬೆಳಕು

ಜಾರಿದ್ದು ಒಂದೇ ಕ್ಷಣ. ಬಂಡೆಯಲ್ಲಿ ಕಡಿದ ಮೆಟ್ಟಿಲು ಒದ್ದೆಯಾಗಿತ್ತು. ಅಣ್ಣನ ಮಗಳ ಬಲಗಾಲು ಅಂಚು ತಪ್ಪಿತು, ತಿರುಚಿತು, ಲಟಕ್ಕೆಂದಿತು. ಅವಳು ಕೂಗಲಿಲ್ಲ. ಹಲ್ಲು ಕಚ್ಚಿ, ಬಂಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಕೆಳಗೆ ಬೋಳು ಇಳಿಜಾರು. ಅದರಾಚೆ ಇದ್ದುದನ್ನೆಲ್ಲ ಮಂಜು ಆಗಲೇ ನುಂಗಿತ್ತು.

ಗಂಟೆ ಐದೂಮುಕ್ಕಾಲು. ದೀಪಾವಳಿಗೆ ಎರಡು ದಿನ. ಹಿಂಗಾರು ಮಳೆ ಮಧ್ಯಾಹ್ನವಷ್ಟೇ ಹೊಯ್ದು ನಿಂತಿತ್ತು. ಇನ್ನು ಕಾಲು ಗಂಟೆಗೆ ಸೂರ್ಯ ಮುಳುಗುತ್ತಾನೆ. ಬೆಳಗಿನ ಜಾವದವರೆಗೆ ಚಂದ್ರ ಹುಟ್ಟುವುದಿಲ್ಲ.

ನಾವಿದ್ದದ್ದು ಹುತ್ರಿದುರ್ಗದ ನೆತ್ತಿಯಲ್ಲಿ. ಕುಣಿಗಲ್ ತಾಲ್ಲೂಕು. ಸಮುದ್ರಮಟ್ಟದಿಂದ ಸುಮಾರು 1130 ಮೀಟರ್. ಮಾಗಡಿ ಕೆಂಪೇಗೌಡರ ನವದುರ್ಗಗಳಲ್ಲಿ ಒಂದು. ಊರು ಕೋಟೆಯ ಮಡಿಲಲ್ಲೇ ಇದೆ. ಊರಿನಿಂದ ಮೇಲಕ್ಕೆ ಗೋಡೆಯ ಮೇಲೆ ಗೋಡೆ, ಬಾಗಿಲ ಹಿಂದೆ ಬಾಗಿಲು, ಕೊನೆಗೆ ಬರೀ ಬಂಡೆ, ಬಂಡೆಯ ತುದಿಯಲ್ಲಿ ಶಂಕರೇಶ್ವರನ ಗುಡಿ. ಹಗಲಾದರೆ ಪೂರ್ವಕ್ಕೆ ಸಾವನದುರ್ಗ, ಉತ್ತರಕ್ಕೆ ಶಿವಗಂಗೆ, ನೈಋತ್ಯಕ್ಕೆ ಹುಲಿಯೂರುದುರ್ಗ ಕಣ್ಣಿಗೆ ಹೊಡೆಯುತ್ತವೆ. ಈಗ ಹತ್ತು ಮಾರು ಕಾಣುತ್ತಿಲ್ಲ.

ಕತ್ತಲಲ್ಲಿ ಬೆಟ್ಟದ ಮೇಲಿರುವ ಯೋಚನೆ ನಮ್ಮದಲ್ಲ. ಬೆಳಕಿರುವಾಗಲೇ ಇಳಿದು, ಊರ ಬುಡದಿಂದ ಕೋಟೆಗೋಡೆಗೆ ಟಾರ್ಚು ಬಿಟ್ಟು, ಯಾವುದು ಎಷ್ಟು ದೂರ ಹೋಗುತ್ತದೆ ಎಂದು ಅಳೆದು ಬರೆದುಕೊಳ್ಳುವುದಿತ್ತು. ಎಂಜಿನಿಯರಿಂಗ್ ಮುಗಿಸಿದ ಹುಡುಗಿಗೆ ಬೆಳಕಿನ ಹುಚ್ಚು. ಅವಳ ಚೀಲದಲ್ಲಿ ಮೂರು ಟಾರ್ಚು. ದಾರಿ ತೋರಿಸಲು ಬಂದಿದ್ದ ಊರಿನ ಅಜ್ಜನ ಸೊಂಟದಲ್ಲಿ ನಾಲ್ಕನೆಯದು: ಎರಡು ದಪ್ಪ ಸೆಲ್ಲಿನ, ಬಲ್ಬಿನ ಹಳೇ ತಗಡಿನ ಬ್ಯಾಟ್ರಿ.

ಅಳತೆ ಊರಲ್ಲಿ ಶುರುವಾಗಲಿಲ್ಲ. ಇಲ್ಲಿ, ಈ ಬಂಡೆಯ ಮೇಲೆ, ಊದುತ್ತಿದ್ದ ಪಾದದ ಎದುರಿಗೆ ಶುರುವಾಯಿತು.

ಮೊದಲ ಟಾರ್ಚು ತೆಗೆದೆ. ಡಬ್ಬಿಯ ಮೇಲೆ 3000 ಲೂಮೆನ್ ಎಂದು ಬರೆದುಕೊಂಡ ಟ್ಯಾಕ್ಟಿಕಲ್ ಟಾರ್ಚು. ಹಿಂಬದಿಯಲ್ಲಿ ಗುಂಡಿ, ಒತ್ತಿದರೆ ಒಮ್ಮೆಗೇ ಪೂರ್ತಿ ಬೆಳಕು. ಬಣ್ಣ 6500 ಕೆಲ್ವಿನ್, ನೀಲಿಯ ಕಡೆ ವಾಲಿದ ಬಿಳಿ. ಒತ್ತಿದೆ. ಬಂಡೆ ಸುಣ್ಣವಾಯಿತು. ಮೊಣಕಾಲ ಕೆಳಗೆ ಏನೋ ಒದ್ದೆ ಹರಿಯುತ್ತಿದೆ. ಕೆಸರೋ, ರಕ್ತವೋ? ಕಂದು ಕಪ್ಪು. ತಿಳಿಯಲಿಲ್ಲ.

“ಚಿಕ್ಕಪ್ಪ, ಅದಲ್ಲ. ಚಿಕ್ಕದು ತೆಗೀರಿ,” ಅಂದಳು.

ಚಿಕ್ಕದು ಬೆರಳುದ್ದ. 500 ಲೂಮೆನ್, 4000 ಕೆಲ್ವಿನ್, ಬಣ್ಣಗಳನ್ನು ನಿಜವಾಗಿ ತೋರಿಸುವ ಶಕ್ತಿ, ಅಂದರೆ ಸಿಆರ್‌ಐ, 90ಕ್ಕಿಂತ ಮೇಲೆ. ಹತ್ತಿಸಿದ ಕೂಡಲೇ ಕೆಂಪು ಕೆಂಪಾಗಿ ಕಂಡಿತು. ರಕ್ತವೇ. ಮೊಣಕಾಲ ಚಿಪ್ಪಿನ ಕೆಳಗೆ ಎರಡು ಅಂಗುಲ ಸೀಳಿದೆ. ದುಪಟ್ಟಾ ಹರಿದೆ, ಬಿಗಿದೆ. ಉಳಿದ ಅರ್ಧದಲ್ಲಿ ಪಾದವನ್ನು ಎಂಟರ ಆಕಾರಕ್ಕೆ ಸುತ್ತಿ ಕಟ್ಟಿದೆ. ಅಜ್ಜ ದೊಣ್ಣೆ ಊರಿ ಎದ್ದು ನಿಂತರು. “ಹೊತ್ತು ಮುಳುಗ್ತು ಸಾ. ಈ ಬಂಡೆ ರಾತ್ರಿ ಕೂರೋ ಜಾಗ ಅಲ್ಲ.”

ಬಿಳಿ ಎಲ್‌ಇಡಿಯ ಒಳಗೆ ನಿಜಕ್ಕೂ ಇರುವುದು ನೀಲಿ ದೀಪ. 1993ರಲ್ಲಿ ಜಪಾನಿನ ಶುಜಿ ನಕಮುರಾ ಪ್ರಖರ ನೀಲಿ ಎಲ್‌ಇಡಿ ಮಾಡಿ ತೋರಿಸಿದರು. 2014ರಲ್ಲಿ ಅಕಸಾಕಿ, ಅಮಾನೊ ಜೊತೆಗೆ ನೊಬೆಲ್ ಪಡೆದರು. ನೀಲಿಯ ಮೇಲೆ ಹಳದಿ ಫಾಸ್ಫರ್ ಬಳಿದರೆ ಬಿಳಿ ಹುಟ್ಟುತ್ತದೆ. ತೆಳ್ಳಗೆ ಬಳಿದರೆ ಲೂಮೆನ್ ಏರುತ್ತದೆ, ಡಬ್ಬಿಯ ಮೇಲಿನ ಅಂಕಿ ಉಬ್ಬುತ್ತದೆ, ಕೆಂಪು ಸಾಯುತ್ತದೆ. ದಪ್ಪಗೆ, ಕೆಂಪು ಬೆರೆಸಿ ಬಳಿದರೆ ಲೂಮೆನ್ ಇಳಿಯುತ್ತದೆ, ರಕ್ತ ರಕ್ತವಾಗಿ ಕಾಣುತ್ತದೆ. ಆ ಹೊತ್ತಿಗೆ ನಮಗೆ ಬೇಕಾದದ್ದು ಯಾವುದೆಂದು ಹೇಳಬೇಕಿಲ್ಲ.

ಆದರೆ ಮಂಜು ಹತ್ತುತ್ತಲೇ ಇತ್ತು. ಮೊದಲ ಮೆಟ್ಟಿಲಿಗೇ ಬೆಳಕು ನಮ್ಮ ವಿರುದ್ಧ ತಿರುಗಿತು.

ಮೂರು ಸಾವಿರದ ಟಾರ್ಚನ್ನು ಮುಂದಕ್ಕೆ ಹಿಡಿದೆ. ದಾರಿ ಮಾಯ. ಎದುರಿಗೆ ಬಿಳಿ ಗೋಡೆ ಎದ್ದಿತು. ಅದರ ಬೆಳಕು ಅಗಲಕ್ಕೆ ಚೆಲ್ಲುವಂಥದ್ದು. ಪ್ರತಿ ಹನಿಗೂ ಬಡಿದು ನೇರ ಕಣ್ಣಿಗೆ ವಾಪಸ್ ಬಂತು. ದೂರ ಎಸೆಯುವ ಟಾರ್ಚು ತೆಗೆದೆ. ಅದು ಮಂಜಿನೊಳಗೆ ಒಂದು ಬಿಳಿ ಸರಳು ನೆಟ್ಟಿತು. ಸರಳು ಕಂಡಿತು, ಮೆಟ್ಟಿಲು ಕಾಣಲಿಲ್ಲ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎನ್ನುವವರಿದ್ದಾರೆ. ನಂಬಬೇಡಿ. ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ಇಪ್ಪತ್ತು ಮೂವತ್ತು ಪಟ್ಟು ದೊಡ್ಡದು. ಅದು ನೀಲಿ, ಹಳದಿ ಎಂದು ಭೇದ ಮಾಡದೆ ಎಲ್ಲವನ್ನೂ ಚದುರಿಸುತ್ತದೆ.

ಮಂಜಿನಲ್ಲಿ ಗೆಲ್ಲುವುದು ಬಣ್ಣವಲ್ಲ, ಹಿಡಿಯುವ ಎತ್ತರ. ಅಜ್ಜನಿಗೆ ಅದು ಮೊದಲೇ ಗೊತ್ತಿತ್ತು.

“ಬ್ಯಾಟ್ರಿ ಮಕದತ್ರ ಹಿಡೀಬ್ಯಾಡಿ ಸಾ. ಕೆಳಗಿಕ್ಕಿ. ಮಂಡಿಗಿಂತ ಕೆಳಗೆ.”

ಇಳಿಸಿದೆ. ಚಿಕ್ಕ ಟಾರ್ಚನ್ನು ಮಂದ ಮಾಡಿ, ಮಂಡಿಯ ಪಕ್ಕಕ್ಕೆ, ನೆಲಕ್ಕೆ ಓರೆಯಾಗಿ ಬಿಟ್ಟೆ. ಪವಾಡ! ಬೆಳಕಿನ ದಾರಿ ಕಣ್ಣಿನ ದಾರಿಯಿಂದ ಬೇರೆಯಾಯಿತು. ಬಿಳಿ ಗೋಡೆ ಬಿತ್ತು. ಬಂಡೆಯ ಪ್ರತಿ ಉಬ್ಬು ನೆರಳು ಚಾಚಿತು, ಪ್ರತಿ ಮೆಟ್ಟಿಲಿಗೆ ಅಂಚು ಮೂಡಿತು. ಹಣೆಗೆ ಕಟ್ಟುವ ದೀಪ ಇಂಥ ಕಡೆ ಕೈಕೊಡುವುದು ಇದಕ್ಕೇ. ಅದು ಕಣ್ಣಿನ ಸಾಲಿನಲ್ಲೇ ಉರಿಯುತ್ತದೆ. ನೆರಳೆಲ್ಲ ಕಲ್ಲಿನ ಹಿಂದೆ ಅಡಗುತ್ತದೆ. ಗುಂಡಿಯೂ ಮೆಟ್ಟಿಲೂ ಒಂದೇ ಚಪ್ಪಟೆ.

ಇಳಿಯಲು ತೊಡಗಿದೆವು. ಹುಡುಗಿ ಕೂತೇ ಇಳಿದಳು. ಎರಡೂ ಅಂಗೈ ಹಿಂದಕ್ಕೆ ಊರಿ, ಎಡಗಾಲು ಒತ್ತಿ, ಬಲಗಾಲು ಗಾಳಿಗೆ ಎತ್ತಿ, ಒಂದೊಂದೇ ಮೆಟ್ಟಿಲು. ಅಜ್ಜ ಅವಳ ಕೆಳಗೆ, ಹಿಮ್ಮುಖ, ಅವಳ ಎಡ ಹಿಮ್ಮಡಿಗೆ ತಮ್ಮ ಅಂಗೈಯನ್ನೇ ಮೆಟ್ಟಿಲು ಮಾಡಿಕೊಟ್ಟು. ನಾನು ಪಕ್ಕದಲ್ಲಿ, ಬೆಳಕು ಹಿಡಿದು. ಅಂಗೈ ಚರ್ಮ ಕಿತ್ತಿತು. ಅವಳು ಲೆಕ್ಕ ಹೇಳುತ್ತಲೇ ಇಳಿದಳು.

“ಎರಡು ಮೀಟರ್ ದೂರಕ್ಕೆ ನೂರು ಲಕ್ಸ್ ಸಾಕು ಚಿಕ್ಕಪ್ಪ. ಮನೆ ಹಾಲ್‌ನಲ್ಲಿ ಇರೋದೇ ಅಷ್ಟು. ಜಾಸ್ತಿ ಮಾಡ್ಬೇಡಿ.”

ಅವಳ ಮಾತು ಗಟ್ಟಿ ಲೆಕ್ಕ. ಲೂಮೆನ್ ಎಂದರೆ ಟಾರ್ಚು ಎಲ್ಲ ದಿಕ್ಕಿಗೂ ಸುರಿಯುವ ಒಟ್ಟು ಬೆಳಕು. ಕ್ಯಾಂಡೆಲಾ ಎಂದರೆ ಒಂದು ದಿಕ್ಕಿಗೆ ಅದರ ತೀವ್ರತೆ. ಕ್ಯಾಂಡೆಲಾವನ್ನು ದೂರದ ವರ್ಗದಿಂದ ಭಾಗಿಸಿದರೆ ಬರುವುದು ಲಕ್ಸ್, ನೆಲಕ್ಕೆ ಬೀಳುವ ಬೆಳಕು. ದೂರದ ಟಾರ್ಚಿನದು 90,000 ಕ್ಯಾಂಡೆಲಾ. ಮೂರು ಮೀಟರ್ ದೂರದ ಒದ್ದೆ ಬಂಡೆಗೆ ಅದನ್ನು ಬಿಟ್ಟರೆ 10,000 ಲಕ್ಸ್ ಬಡಿಯುತ್ತದೆ. ಕಣ್ಣು ಮುಚ್ಚಿಹೋಗುತ್ತದೆ. ಆಮೇಲೆ ಬರುವುದು ಕುರುಡು.

ಆ ಕುರುಡು ನಮ್ಮನ್ನು ಮುಟ್ಟಿಯೇ ಹೋಯಿತು.

ಬೋಳುಬಂಡೆಯ ನಡುವೆ ಒಂದು ದೊಣೆ. ಮಳೆನೀರು ಅಂಚಿನವರೆಗೆ ತುಂಬಿದೆ. ದೊಣೆಯ ಬಲಕ್ಕೆ ಒಂದಡಿ ಜಾಗ, ಅದರಾಚೆ ಇಳಿಜಾರು. ಪೂರ್ತಿ ನೋಡಿಕೊಳ್ಳೋಣವೆಂದು ಅಗಲ ಬೆಳಕಿನ ಟಾರ್ಚು ಎತ್ತಿದೆ. ಬೆವರಿದ ಹೆಬ್ಬೆರಳು ಗುಂಡಿಯನ್ನು ಎರಡು ಸಲ ಒತ್ತಿತು. ಮಿಣುಕು ಶುರು! ಎದುರಾಳಿಯ ಕಣ್ಣು ಕೋರೈಸಲೆಂದೇ ಮಾಡಿದ ಬೆಳಕು, ಸೆಕೆಂಡಿಗೆ ಹಲವು ಸಲ, ನೇರ ಅಜ್ಜನ ಮುಖಕ್ಕೆ. ಅಜ್ಜ ಹಿಮ್ಮುಖ ನಿಂತಿದ್ದರು. ಒಂದು ಕಾಲು ಗಾಳಿಯಲ್ಲಿತ್ತು.

ಕಾಲು ಊರಿದರು. ಕಲ್ಲು ಸಿಗಲಿಲ್ಲ.

ಹುಡುಗಿ ಮುಂದಕ್ಕೆ ಎಗರಿ ಅವರ ಟವಲ್ಲಿನ ತುದಿ ಹಿಡಿದಳು. ಟವಲ್ಲು ಸೊಂಟಕ್ಕೆ ಬಿಗಿದಿತ್ತು, ಗಂಟು ತಡೆಯಿತು. ನಾನು ಟಾರ್ಚು ಬಿಸಾಕಿ ಅಜ್ಜನ ತೋಳು ಹಿಡಿದೆ, ಎಳೆದೆ, ಮೂವರೂ ದೊಣೆಯ ಅಂಚಿಗೆ ರಾಶಿ ಬಿದ್ದೆವು. ಟಾರ್ಚು ಟಣ್ಣೆಂದು ಪುಟಿದು, ಉರುಳಿ, ಗುಳುಂ ಎಂದು ನೀರಿಗೆ ಬಿತ್ತು.

ಆರಲಿಲ್ಲ. ನೀರೊಳಗಿಂದ ಮಿಣುಕುತ್ತಲೇ ಇತ್ತು. ಐಪಿಎಕ್ಸ್8 ಗುರುತು ಸುಮ್ಮನೆ ಬರೆದದ್ದಲ್ಲ: ಒಂದು ಮೀಟರ್‌ಗಿಂತ ಆಳದ ನೀರನ್ನೂ ತಡೆಯುತ್ತದೆ. ದೊಣೆಯ ಪಾಚಿ ಹಸಿರಾಗಿ ಹೊಳೆದು ಹೊಳೆದು ಆರಿತು. ಅಜ್ಜ ದೊಣ್ಣೆಯ ತುದಿಗೆ ಬಾಗಿದ ಮುಳ್ಳುಕಡ್ಡಿ ಕಟ್ಟಿದರು, ಹೊಟ್ಟೆಯ ಮೇಲೆ ಮಲಗಿ ನೀರಿಗೆ ಇಳಿಬಿಟ್ಟರು, ಟಾರ್ಚಿನ ಬಾಲದ ದಾರಕ್ಕೆ ಸಿಕ್ಕಿಸಿದರು, ಮೀನು ಎಳೆವಂತೆ ಎಳೆದರು. ಆದರೆ ಅವರ ಕಣ್ಣು ಹೋಗಿತ್ತು.

“ಏನೂ ಕಾಣ್ತಿಲ್ಲ ಸಾ. ಬರೀ ಹಸ್ರು ಚುಕ್ಕಿ.”

ಕಣ್ಣು ಕತ್ತಲಿಗೆ ಒಗ್ಗಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಅಕ್ಷಿಪಟದ ಕಡ್ಡಿಕೋಶಗಳಲ್ಲಿ ರೊಡಾಪ್ಸಿನ್ ನಿಧಾನಕ್ಕೆ ತುಂಬಬೇಕು. ಕಳೆದುಕೊಳ್ಳಲು ಒಂದು ಮಿಂಚು ಸಾಕು. ಈ ಬೆಟ್ಟದ ಪ್ರತಿ ಕಲ್ಲು ಬಲ್ಲ ಮನುಷ್ಯ ಈಗ ಕಾಲಿಡಲಾರರು. ಕಾದೆವು. ಎಲ್ಲ ಬೆಳಕೂ ಆರಿಸಿ, ಮೂವರೂ ಕೈ ಕೈ ಹಿಡಿದು, ಇಳಿಜಾರಿನ ಅಂಚಿನಲ್ಲಿ, ಕಾದೆವು. ಗಾಳಿ ಎದ್ದಿತು. ಮಂಜು ಹರಿಯತೊಡಗಿತು. ಕೆಳಗೆಲ್ಲೋ ಊರಿನ ಒಂದೆರಡು ದೀಪ ಮಿನುಗಿ ಮುಚ್ಚಿಕೊಂಡವು.

ಮತ್ತೆ ಹೊರಟಾಗ ಬೋಳುಬಂಡೆ ಮುಗಿದು ಪೊದೆ ಶುರುವಾಯಿತು. ಮಂಜು ತೆಳುವಾಗಿತ್ತು. ದೊಣೆಯಿಂದ ಎದ್ದು ಬಂದ ಮೂರು ಸಾವಿರದ ಟಾರ್ಚಿಗೆ ಈಗ ಕೆಲಸ ಸಿಕ್ಕಿತು. ಅದರ ರಿಫ್ಲೆಕ್ಟರ್ ಕಿತ್ತಳೆಸಿಪ್ಪೆಯಂತೆ ತರಿತರಿ. ನಡುವಿನ ಹಾಟ್‌ಸ್ಪಾಟ್ ಮೃದು. ಸುತ್ತ ಚೆಲ್ಲುವ ಸ್ಪಿಲ್ ಅಗಲ. ದಾರಿಯ ಎರಡೂ ಬದಿ ಒಟ್ಟಿಗೆ ಕಂಡವು. ಬೇಗ ಬೇಗ ಇಳಿದೆವು. ಬಿಸಿ ಏರಿತು. ಲೋಹ ಅಂಗೈ ಸುಟ್ಟಿತು. ಎರಡೇ ನಿಮಿಷ. ಬೆಳಕು ಕುಗ್ಗಿತು. ಕೆಟ್ಟಿರಲಿಲ್ಲ, ತನ್ನನ್ನು ತಾನೇ ಸುಟ್ಟುಕೊಳ್ಳದಂತೆ ಒಳಗಿನ ಸರ್ಕ್ಯೂಟ್ ಸಾವಿರಕ್ಕೂ ಕೆಳಗೆ ಇಳಿಸಿತ್ತು. ಟಾರ್ಚುಗಳ ಎಎನ್‌ಎಸ್‌ಐ ಎಫ್‌ಎಲ್‌1 ಮಾನದಂಡದಲ್ಲಿ ಲೂಮೆನ್ ಅಳೆಯುವುದು ಹತ್ತಿಸಿದ ಮೂವತ್ತನೇ ಸೆಕೆಂಡಿನಿಂದ. ಉರಿಯುವ ಅವಧಿ ಎಣಿಸುವುದು ಬೆಳಕು ಶೇಕಡ 10ಕ್ಕೆ ಇಳಿಯುವವರೆಗೆ. “3000 ಲೂಮೆನ್, ಎರಡು ಗಂಟೆ” ಎಂದು ಓದಿದವರು ಎರಡು ಗಂಟೆಯೂ ಮೂರು ಸಾವಿರ ಎಂದುಕೊಂಡು ಬೆಟ್ಟ ಹತ್ತಿದರೆ ಜೀವಕ್ಕೆ ಬರುತ್ತದೆ.

ಕುಗ್ಗಿದ ಬೆಳಕಲ್ಲಿ ಎರಡು ಹೆಜ್ಜೆ. ಮೂರನೆಯದಕ್ಕೆ ಕಾಲೆತ್ತಿದೆ.

ಸದ್ದು ಬಂತು. ಕುಕ್ಕರು ಹಬೆ ಬಿಟ್ಟ ಹಾಗೆ ಉದ್ದನೆಯ, ದಪ್ಪನೆಯ ಬುಸ್ಸ್.

ಕಲ್ಲಾದೆ. ನೀಲಿಬಿಳಿ ಬೆಳಕಲ್ಲಿ ಎದುರಿಗೆ ತರಗೆಲೆ, ತರಗೆಲೆ, ಬರೀ ತರಗೆಲೆ. ಎಲ್ಲ ಒಂದೇ ಬೂದಿ. “ಚಿಕ್ಕದು, ಚಿಕ್ಕದು!” ಹುಡುಗಿಯ ಪಿಸುಮಾತು. ಅವಳೇ ಹತ್ತಿಸಿದಳು. 4000 ಕೆಲ್ವಿನ್ನಿನ ಬೆಚ್ಚನೆ ಬೆಳಕು ಹರಡಿತು. ಬೂದಿ ಒಡೆಯಿತು. ಎಲೆಯ ಹಳದಿ ಬೇರೆ, ಮಣ್ಣಿನ ಕೆಂಪು ಬೇರೆ, ಅವುಗಳ ನಡುವೆ ಗಾಢ ಕಂದಿನ ಕೊಂಡಿ ಕೊಂಡಿ ಸಾಲು, ಪ್ರತಿ ಕೊಂಡಿಗೂ ಕಪ್ಪು ಅಂಚು. ಕೊಳಕುಮಂಡಲ. ನನ್ನ ಪಾದಕ್ಕೂ ಅದಕ್ಕೂ ಮೂರಡಿ.

“ಅಳ್ಳಾಡ್ಬ್ಯಾಡಿ ಸಾ,” ಅಜ್ಜನ ದನಿ. “ಅದುಕ್ ಬುಡಿ ಜಾಗ.”

ಬಿಟ್ಟೆವು. ಎತ್ತಿದ ಕಾಲನ್ನು ಗಾಳಿಯಲ್ಲೇ ಹಿಂದಕ್ಕೆ ತಂದೆ. ತೊಡೆ ನಡುಗಿತು. ಹಾವು ಬುಸುಗುಟ್ಟಿತು, ಸುರುಳಿ ಬಿಚ್ಚಿತು, ಕಲ್ಲಿನ ಸಂದಿಗೆ ಹರಿಯಿತು. ಉಸಿರು ಬಿಟ್ಟೆವೋ ಇಲ್ಲವೋ, ಕೋಟೆಬಾಗಿಲ ಹತ್ತಿರ ಇನ್ನೊಂದು ಕಾದಿತ್ತು.

ಬಾಗಿಲಿಗೆ ಬರುವ ಮುನ್ನ ಅಜ್ಜ ತಡೆದರು. ಮೂಗು ಅರಳಿಸಿದರು. “ಒಂದ್ಕಿತ ದೂರದ್ದು ಬುಡಿ.”

ದೂರದ ಟಾರ್ಚಿನ ಹೊತ್ತು ಬಂದಿತ್ತು. ಆಳವಾದ, ನುಣುಪಾದ ಬಟ್ಟಲು, ಅದರ ತಳದಲ್ಲಿ ಸಾಸಿವೆಗಾತ್ರದ ಎಲ್‌ಇಡಿ. ಬೆಳಕಿನ ಮೂಲ ಸಣ್ಣದಾದಷ್ಟೂ ಬಟ್ಟಲು ಅದನ್ನು ಬಿಗಿಯಾಗಿ ಹಿಂಡುತ್ತದೆ. ಲೂಮೆನ್ ಬರೀ ಸಾವಿರ. ಆದರೆ ದೂರ ಎಸೆಯುವುದರಲ್ಲಿ ಮೂರು ಸಾವಿರದ ಟಾರ್ಚಿನ ಮೂರು ಪಟ್ಟು. ಅದರ 10,000 ಕ್ಯಾಂಡೆಲಾ 200 ಮೀಟರ್ ಮುಟ್ಟಿದರೆ ಇದರ 90,000 ಕ್ಯಾಂಡೆಲಾ 600 ಮೀಟರ್ ಮುಟ್ಟುತ್ತದೆ. ವರ್ಗಮೂಲ ತೆಗೆದು ಎರಡರಿಂದ ಗುಣಿಸಿ, ಅಷ್ಟೇ. ದೂರ ಎರಡು ಪಟ್ಟಾಗಬೇಕಾದರೆ ತೀವ್ರತೆ ನಾಲ್ಕು ಪಟ್ಟಾಗಬೇಕು.

ಈ ಸಲ ಮಂಡಿಯ ಕೆಳಗಲ್ಲ. ಕಣ್ಣಿನ ಪಕ್ಕಕ್ಕೇ ಹಿಡಿದೆ. ಪ್ರಾಣಿಯ ಕಣ್ಣಿನೊಳಗಿನ ಪದರ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಎಸೆಯುತ್ತದೆ. ಆ ದಾರಿಯಲ್ಲಿ ನಮ್ಮ ಕಣ್ಣಿಲ್ಲದಿದ್ದರೆ ಏನೂ ಕಾಣದು. ಗೋಡೆಯ ಮೇಲೆ ಬೆಳಕು ಓಡಿಸಿದೆ. ಕಲ್ಲು. ಕಲ್ಲು. ಗಿಡ. ಕಲ್ಲು.

ಎರಡು ಕೆಂಡ.

ಎರಡೂ ಒಟ್ಟಿಗೆ ಉರಿದವು. ಒಟ್ಟಿಗೆ ಆರಿದವು. ಮತ್ತೆ ಉರಿದವು. “ಮೇಕೆ ಅಲ್ಲ. ಮುಂದಕ್ ನೋಡೋ ಕಣ್ಣು ಅದು,” ಅಂದರು ಅಜ್ಜ. “ಚಿರ್ತೆ.”

ತುಮಕೂರು ಸೀಮೆಗೆ ಈ ಕಣ್ಣು ಹೊಸದಲ್ಲ. 2019-20ರಲ್ಲಿ ಕುಣಿಗಲ್, ಗುಬ್ಬಿ, ಹೆಬ್ಬೂರು ಸುತ್ತ ಚಿರತೆ ಮನುಷ್ಯರನ್ನೇ ಹಿಡಿದಿತ್ತು. ಅದಕ್ಕೂ ಎಷ್ಟೋ ಮೊದಲು, ಬಂದೂಕಿಗೆ ಟಾರ್ಚು ಬಿಗಿದು ರಾತ್ರಿಗಟ್ಟಲೆ ಕಾದು ಕೂರುತ್ತಿದ್ದ ಕೆನೆತ್ ಆಂಡರ್ಸನ್ ಇದೇ ಜಿಲ್ಲೆಯ ದೇವರಾಯನದುರ್ಗದ ಹುಲಿಯ ಬಗ್ಗೆ 1954ರ ಪುಸ್ತಕದಲ್ಲಿ ಬರೆದ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಆಂಡರ್ಸನ್ ಕಥೆಗಳನ್ನು ಓದಿ ಬೆಳೆದವರು ನಾವು. ಓದುವಾಗ ಮಂಚ ಅಲ್ಲಾಡುತ್ತಿರಲಿಲ್ಲ. ಈಗ ಕೈ ಅಲ್ಲಾಡಿತು, ಬೆಳಕೂ ಅಲ್ಲಾಡಿತು.

ಹಿಂದಕ್ಕೆ ಹೋಗಲಾರೆವು. ಮುಂದಕ್ಕೆ ಆ ಬಾಗಿಲೊಂದೇ ದಾರಿ. ಬೆಳಕನ್ನು ಚಿರತೆಯ ಕಣ್ಣಿಂದ ತುಸು ಪಕ್ಕಕ್ಕೆ ಸರಿಸಿ, ಜೋರಾಗಿ ಮಾತಾಡುತ್ತ ನಿಂತೆವು. ಅಜ್ಜ ದೊಣ್ಣೆಯಿಂದ ಕಲ್ಲು ಕುಟ್ಟಿದರು. ಹುಡುಗಿ ಒಂಟಿಕಾಲಲ್ಲಿ ಎದ್ದು ನಿಂತಳು. ಕೂತವರು ಸಣ್ಣ ಬೇಟೆಯಂತೆ ಕಾಣುತ್ತಾರೆಂದು ಅವಳಿಗೆ ಗೊತ್ತು. ಗೋಡೆಗೆ ಭುಜ ಕೊಟ್ಟು, ನೋವಿಗೆ ಕಣ್ಣೀರು ಇಳಿಯುತ್ತಿದ್ದರೂ, ನಿಂತೇ ಇದ್ದಳು.

ಇದೇ ಗೋಡೆಗಳು 1791ರ ಡಿಸೆಂಬರ್ ಕಂಡಿದ್ದವು. 21ಕ್ಕೆ ಸಾವನದುರ್ಗ ಬಿತ್ತು. ಮೂರೇ ದಿನ, 24ಕ್ಕೆ, ಟಿಪ್ಪುವಿನ ಮೇಲೆ ದಂಡೆತ್ತಿ ಬಂದಿದ್ದ ಬ್ರಿಟಿಷ್ ಸೇನಾಧಿಪತಿ ಕಾರ್ನ್‌ವಾಲಿಸನ ಪಡೆ ಹುತ್ರಿದುರ್ಗಕ್ಕೆ ನುಗ್ಗಿತು. ಚಾಂದ್ರಮಾನದ ಲೆಕ್ಕ ಹಾಕಿದರೆ ಅದು ಅಮಾವಾಸ್ಯೆಯ ಅಂಚು. ಟಿಪ್ಪುವಿನ ಕಾವಲಿನವರು ಆ ವಾರದ ರಾತ್ರಿಗಳನ್ನು ಪಂಜಿನ ಬೆಳಕಲ್ಲೇ ಕಳೆದಿರಬೇಕು. ಒಂದು ಮೇಣದ ಬತ್ತಿ ಎಂದರೆ ಹೆಚ್ಚುಕಡಿಮೆ ಒಂದು ಕ್ಯಾಂಡೆಲಾ, ಬಣ್ಣ 1900 ಕೆಲ್ವಿನ್ನಿನ ಆಸುಪಾಸು. ನನ್ನ ಅಂಗೈಯಲ್ಲಿ, ಒಂದೇ ದಿಕ್ಕಿಗೆ, ತೊಂಬತ್ತು ಸಾವಿರ ಬತ್ತಿ. ಆ ಕಾಲದವರಿಗಿದ್ದ ದೊಡ್ಡ ದೀಪ ಚಂದ್ರನೊಬ್ಬನೇ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಪಡೆ ನಂದಿದುರ್ಗಕ್ಕೆ ನುಗ್ಗಿದ್ದು ಬೆಳದಿಂಗಳಲ್ಲಿ. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ಎರಗಿದ್ದೂ ಹುಣ್ಣಿಮೆಯ ಬುಡದಲ್ಲೇ. ಇಂದಿಗೂ ಟಾರ್ಚಿನ ದೂರ ಅಳೆಯುವ ಗೆರೆ ಅದೇ ಬೆಳದಿಂಗಳು: ಬೆಳಕು 0.25 ಲಕ್ಸ್‌ಗೆ, ತಿಳಿ ಹುಣ್ಣಿಮೆಯ ಮಟ್ಟಕ್ಕೆ, ಎಲ್ಲಿ ಇಳಿಯುತ್ತದೋ ಅಲ್ಲಿಗೆ ಅದರ ದೂರ ಮುಗಿಯಿತು.

ಕೆಂಡಗಳು ಅಲುಗಿದವು. ಎಡಕ್ಕೆ ಸರಿದವು. ಗೋಡೆಯ ನೆತ್ತಿಯಲ್ಲಿ ಉದ್ದನೆಯ ಮೈ ಒಂದು ಸಲ ಪೂರ್ತಿ ಹಾಯಿತು, ಬಾಲ ಕೊಂಕಿತು, ಆಚೆ ಬದಿಗೆ ಧುಮುಕಿತು. ಕಲ್ಲೊಂದು ಉರುಳಿದ ಸದ್ದು. ಆಮೇಲೆ ಏನೂ ಇಲ್ಲ.

ಬಾಗಿಲು ದಾಟಿದೆವು. ಇನ್ನೊಂದು ದಾಟಿದೆವು. ಚಿಕ್ಕ ಟಾರ್ಚು ಒಮ್ಮೆ ಮಿನುಗಿ ಎಚ್ಚರಿಸಿತು, ಸೆಲ್ ಬರಿದಾಗುತ್ತಿದೆ. ದೂರದ ಟಾರ್ಚಿನಲ್ಲಿದ್ದದ್ದೂ ಅದೇ ಅಳತೆಯ 18650 ಸೆಲ್: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಮೂರಕ್ಕೂ ಒಂದೇ ಜಾತಿಯ ಸೆಲ್ ಇರಲೇಬೇಕೆಂದು ಅಂಗಡಿಯಲ್ಲಿ ಹಟ ಹಿಡಿದವಳು ಇವಳೇ. ಬದಲಿಸುವಷ್ಟು ಹೊತ್ತು ಅಜ್ಜನ ತಗಡಿನ ಬ್ಯಾಟ್ರಿ ನಮ್ಮನ್ನು ಕಾಯಿತು. ಮಂಕು, ಹಳದಿ, ನಡುವೆ ಕಪ್ಪು ಕಲೆ. ಆದರೂ ಮೆಟ್ಟಿಲಿನ ಅಂಚು ಕಂಡಿತು. ಬಿಚ್ಚಿದೆ, ತೆಗೆದೆ, ತೂರಿಸಿದೆ, ತಿರುಗಿಸಿದೆ. ಬೆಳಕು ಎದ್ದಿತು.

ಕೊನೆಯ ಇಳಿಜಾರಿನಲ್ಲಿ ಅವಳನ್ನು ಅಜ್ಜನೂ ನಾನೂ ಕೈಕುರ್ಚಿ ಮಾಡಿ ಹೊತ್ತೆವು. ಅವಳ ಬಲಗೈ ಅಜ್ಜನ ಹೆಗಲ ಮೇಲೆ, ಎಡಗೈಯಲ್ಲಿ ಟಾರ್ಚು, ಮಂಡಿಮಟ್ಟಕ್ಕೆ ಇಳಿಬಿಟ್ಟು. “ಎಡಕ್ಕೆ ಗುಂಡಿ. ನೇರ ಬನ್ನಿ. ಒಂದು ಮೆಟ್ಟಿಲು. ಇನ್ನೊಂದು.” ನಾಯಿ ಬೊಗಳಿತು. ಸಗಣಿಯ ವಾಸನೆ ಬಂತು. ಊರು.

ಅಜ್ಜನ ಮನೆಯ ಜಗಲಿಯಲ್ಲಿ ಕೂರಿಸಿದಾಗ ಪಾದ ಎರಡರಷ್ಟಾಗಿತ್ತು. ಅಜ್ಜಿ ಬಿಸಿ ಕಾಫಿ ಕೊಟ್ಟರು. ಕುಣಿಗಲ್‌ಗೆ ಕರೆದೊಯ್ಯಲು ಪಕ್ಕದ ಮನೆಯ ಹುಡುಗ ಜೀಪು ತಿರುಗಿಸುತ್ತಿದ್ದ. ಹುಡುಗಿ ಹತ್ತಲೊಲ್ಲಳು.

“ಅಳತೆ ಆಗಿಲ್ಲ ಚಿಕ್ಕಪ್ಪ.”

ಜೀಪಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಸೆಲ್ಲನ್ನು ದೂರದ ಟಾರ್ಚಿಗೆ ವಾಪಸ್ ಹಾಕಿ, ಕಿಟಕಿಯಿಂದ ಕೈ ಹೊರಗಿಟ್ಟು, ಮೇಲಿನ ಗೋಡೆಗೆ ಬಿಟ್ಟಳು. ಮಂಜು ಹರಿದಿತ್ತು. ಫೋನಿನ ನಕ್ಷೆಯಲ್ಲಿ ಗುರುತಿಟ್ಟು ಅಳೆದೆ: ಸುಮಾರು 400 ಮೀಟರ್. ಲೆಕ್ಕದ ಪ್ರಕಾರ ಅಲ್ಲಿ ಅರ್ಧ ಲಕ್ಸ್‌ಗಿಂತ ಹೆಚ್ಚೇ ಬೀಳಬೇಕು. ಬಿತ್ತು. ಗೋಡೆ ಇದೆಯೆಂದು ತಿಳಿಯಿತು. ಗೋಡೆಯ ಮೇಲೆ ಏನಿದೆಯೆಂದು ತಿಳಿಯಲಿಲ್ಲ. ಬೆಳಕನ್ನು ಕೆಳಗಿನ ಕೊತ್ತಲಕ್ಕೆ ಇಳಿಸಿದಳು. 300 ಮೀಟರ್. ಒಂದು ಲಕ್ಸ್. ಕಲ್ಲಿನ ಸಂದುಗಳು ಕಂಡವು, ಸಂದಿನಲ್ಲಿ ಬೆಳೆದ ಆಲದ ಸಸಿ ಕಂಡಿತು.

“ಡಬ್ಬಿ ಮೇಲೆ ಆರ್ನೂರು ಇದೆ. ನೀವು ಮುನ್ನೂರು ಅಂತ ಬರ್ಕೊಳ್ಳಿ,” ಅಂದಳು. ಬರೆದುಕೊಂಡೆ. ಜೀಪು ಕುಣಿಗಲ್ ಕಡೆ ಹೊರಟಿತು.